ವಾಗ್ನರ್ ಎಂದರೆ ಬಡಿಗೇರ

ಮೊಮ್ಮಗನ ಕಿವಿಯಲ್ಲಿ ನಾನು ಹೆಸರು ಹೇಳುತ್ತಿದ್ದೆ, ನಾಲ್ಕು ಮಂದಿ ಹೆಂಗಸರು ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಅಷ್ಟರಲ್ಲಿ ಆ ಜರ್ಮನ್ ಸಾಹೇಬರು ಗಾಬರಿಯಾಗಿ ಕುರ್ಚಿ ಬಿಟ್ಟು ಎದ್ದರು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಯಾವುದನ್ನು ಮೊದಲು ಬರೆಯಬೇಕು, ಯಾವುದನ್ನು ಆಮೇಲೆ ಎಂಬುದು ನನಗೆ ತಿಳಿಯದು. ಸಂತೋಷ ಎದೆಯ ತುಂಬ ಇರುವಾಗ ಅಕ್ಷರ ಒಂದರ ಮೇಲೊಂದು ಬೀಳುತ್ತವೆ. ಆದರೂ ನಾನು ಹುಟ್ಟಿದ ಮನೆಯ ಬಗ್ಗೆ ಬರೆಯಬೇಕು ಎಂದು ಕೂತರೆ ಮೊದಲು ಕಾಣುವುದು ಆ ಮನೆಯಲ್ಲ, ಒಮಾನಿನ ಬರ್ಕಾದಲ್ಲಿರುವ ನನ್ನ ಮಗನ ಮನೆ, ಆ ಶುಕ್ರವಾರದ ತೊಟ್ಟಿಲು, ಎದ್ದು ನಿಂತ ಆ ಸಾಹೇಬರು.

ಮಗ ಬಸವರಾಜ ಇಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಸೊಸೆ ಸುಮಾಳ ಬಾಣಂತನಕ್ಕೆ ನಾನು ಬಂದಿದ್ದೆ. ಮೊದಲನೆಯವಳು ಚಿನ್ನಿ, ಒಂಬತ್ತು ವರ್ಷದವಳು. ಎರಡನೆಯದು ಗಂಡು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅವಳು ಬಾಗಿ 'ಕುರ್ರ್, ಕುರ್ರ್' ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ನನಗೆ ಹೆಣ್ಣುಮಕ್ಕಳಿಲ್ಲ, ಹೀಗಾಗಿ ಆ ಗುದ್ದು ನನ್ನ ಪಾಲಿಗೇ ಬಂತು. ಮಸ್ಕತ್ತಿನಿಂದ, ಸಹಮ್‌ನಿಂದ ಬಂದಿದ್ದ ಗದಗ, ವಿಜಯಪುರದ ಕಡೆಯ ಹೆಣ್ಣುಮಕ್ಕಳು ಎಷ್ಟೋ ದಿನದ ಆಸೆ ತೀರಿಸಿಕೊಳ್ಳುವವರ ಹಾಗೆ ಗುದ್ದಿದರು. ವಾಗ್ನರ್ ಸಾಹೇಬರು ಬಸವರಾಜನ ಮೇಲಿನ ಅಧಿಕಾರಿ, ನಮ್ಮ ಮನೆಗೆ ಮೊದಲ ಸಲ ಬಂದವರು. ಅವರಿಗೆ ಏನು ತಿಳಿಯಬೇಕು? ಮುಖ ಕೆಂಪಾಗಿ, ಎರಡೂ ಕೈ ಮುಂದೆ ಚಾಚಿ ಇಂಗ್ಲಿಷಿನಲ್ಲಿ ಏನೋ ಅಂದರು.

"ಅಜ್ಜಿ, ನಿಮ್ಮನ್ನ ಯಾಕ ಹೊಡಿಯಾಕತ್ತಾರ ಅಂತ ಕೇಳ್ತಾರ," ಎಂದಳು ಚಿನ್ನಿ.

"ಹೇಳವಾ ಅವರಿಗೆ, ಈ ಪೆಟ್ಟು ತಿನ್ನಾಕ ಒಂಬತ್ತು ತಿಂಗಳು ಕಾದೀನಿ ಅಂತ."

ಎಲ್ಲರೂ ನಕ್ಕರು. ಸಾಹೇಬರೂ ತಿಳಿದ ಮೇಲೆ ನಕ್ಕು, ಚಾಪೆಯ ಮೇಲೆ ಕಾಲು ಮಡಚಲಾರದೆ ಮಡಚಿ ಕೂತರು. ಕೂಸಿಗೆ ಇಟ್ಟ ಹೆಸರು ಮೌನೇಶ, ನನ್ನ ಗಂಡನ ಹೆಸರು. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗುಗ್ಗರಿಯ ತಟ್ಟೆ ಹಿಡಿದುಕೊಂಡು ನಾನು ಎಲ್ಲರಿಗೂ ಹಂಚುತ್ತ ಬಂದೆ. ಸಾಹೇಬರು ತಂದಿದ್ದ ಒಮಾನಿ ಹಲ್ವಾದ ಬಟ್ಟಲನ್ನು ಚಿನ್ನಿ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಬಳಿಯುತ್ತಿದ್ದಳು. ಬಳಿಯುತ್ತಲೇ ಅವರನ್ನು ಏನೋ ಕೇಳಿದಳು. ಅವರು ನಗುತ್ತ ಉತ್ತರ ಕೊಟ್ಟರು. ಗಾಳಿಯಲ್ಲಿ ಕೈಯಿಂದ ದೊಡ್ಡ ಗುಂಡು ಬರೆದು ತೋರಿಸಿದರು.

"ಏನಂದ್ರು ಚಿನ್ನಿ?"

"ನಿಮ್ಮ ಹೆಸರಿನ ಮೀನಿಂಗ್ ಏನು ಅಂತ ಕೇಳ್ದೆ ಅಜ್ಜಿ. ವಾಗ್ನರ್ ಅಂದ್ರ ಕಾರ್ಟ್ ಮಾಡೋರಂತ. ಬುಲಕ್ ಕಾರ್ಟ್ ಇರತೈತಲ್ಲ, ಅದು. ವ್ಹೀಲ್ ಎಲ್ಲಾ ಮಾಡೋರು."

ನಾನು ತಟ್ಟೆ ಹಿಡಿದುಕೊಂಡೇ ಅಲ್ಲೇ ಕೂತುಬಿಟ್ಟೆ. ಇಷ್ಟು ಎತ್ತರದ ಮನುಷ್ಯ, ಸಮುದ್ರದ ನೀರನ್ನು ಕುಡಿಯುವ ಹಾಗೆ ಮಾಡಿಸುವವನು, ಬಡಿಗೇರ ಎಂದು ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದಾನೆ.

"ಕೇಳು ಅವರನ್ನ," ಎಂದೆ ಚಿನ್ನಿಗೆ. "ಈಗೂ ಗಾಡಿ ಮಾಡ್ತಾರೇನು?"

ಮುತ್ತಜ್ಜನ ಮುತ್ತಜ್ಜನ ಕಾಲಕ್ಕೇ ಬಿಟ್ಟರಂತೆ. ಮನೆಯಲ್ಲಿ ಒಂದು ಉಳಿ ಕೂಡ ಇಲ್ಲವಂತೆ. ಅವರ ದೇಶದಲ್ಲಿ ಕಮ್ಮಾರ, ಕುಂಬಾರ, ಸಿಂಪಿಗ, ಗಾಣಿಗ ಎಲ್ಲರ ಹೆಸರೂ ಹೀಗೆಯೇ ಅಂತೆ, ಕಸುಬು ಹೋದರೂ ಹೆಸರು ಉಳಿದಿದೆಯಂತೆ. ಚಿನ್ನಿ ಫೋನು ತೆಗೆದು ವಾಗ್ನರ್ ಎಂಬ ಹೆಸರಿನ ದೊಡ್ಡ ದೊಡ್ಡ ಮಂದಿಯ ಪಟ್ಟಿ ಓದಿದಳು. ಒಬ್ಬ ಸಂಗೀತಗಾರ, ಒಬ್ಬ ಡಾಕ್ಟರು, ಒಬ್ಬ ಮಂತ್ರಿ, ದೊಡ್ಡ ಕಟ್ಟಡ ಕಟ್ಟಿದವನು ಇನ್ನೊಬ್ಬ, ಚೆಂಡಾಡುವವರು, ನಾಟಕದವರು. ಬೆರಳಿನಿಂದ ತಳ್ಳಿದಷ್ಟೂ ಹೆಸರು ಬರುತ್ತಲೇ ಇದ್ದವು. ಇಷ್ಟು ಮಂದಿ ಬಡಿಗೇರರು ಒಂದೇ ಕಡೆ ಸೇರಿದ್ದನ್ನು ನಾನು ನಮ್ಮ ಕುಲದವರ ಮದುವೆಯಲ್ಲೂ ಕಂಡಿರಲಿಲ್ಲ. ನನ್ನ ಮುಖ ನೋಡಿ ಸಾಹೇಬರಿಗೆ ಕುತೂಹಲವಾಯಿತು. ಸುಮಾ ಕೂಸಿಗೆ ಹಾಲು ಕೊಡಲು ಒಳಗೆ ಹೊರಟಿದ್ದವಳು ಬಾಗಿಲಲ್ಲೇ ನಿಂತು, ನಾವೂ ಅದೇ ಕಸುಬಿನವರು, ಮಾವನವರ ಅಡ್ಡಹೆಸರು ಬಡಿಗೇರ, ಅದರ ಅರ್ಥವೂ ಅದೇ ಎಂದು ಹೇಳಿದಳು. ಸಾಹೇಬರು ಬಸವರಾಜನ ಕಡೆ ತಿರುಗಿದರು. ಅವನ ಹೆಸರು ಎಲ್ಲಾ ಕಾಗದಗಳಲ್ಲೂ ಬಸವರಾಜ ಹೊಸಕೇರಿ. ಹೊಸಕೇರಿ ನಮ್ಮ ಊರಿನ ಹೆಸರು. ಅವರು ಏನು ಕೇಳಿದರು ಎಂಬುದು ಚಿನ್ನಿ ಹೇಳದೆಯೇ ನನಗೆ ತಿಳಿಯಿತು. ಯಾಕೆ ತೆಗೆದಿರಿ ಎಂದರು. ಬಸವರಾಜ ಹಲ್ವಾದ ಚಮಚ ಕೆಳಗಿಟ್ಟು ಒಂದೇ ಮಾತು ಹೇಳಿದ.

"ನಿಮ್ಮಪ್ಪ ಏನಂದ ಚಿನ್ನಿ?"

"ಮೈ ಫಾದರ್ ವಾಸ್ ಅಶೇಮ್ಡ್ ಅಂದ್ರು."

"ಹಂಗಂದ್ರ?"

"ಅಜ್ಜನಿಗೆ ನಾಚಿಕಿ ಇತ್ತಂತ, ಅಜ್ಜಿ."

ಇನ್ನು ನಾನು ಹುಟ್ಟಿದ ಮನೆಯನ್ನು ಹೇಳುತ್ತೇನೆ, ಇಲ್ಲದಿದ್ದರೆ ಈ ಮಾತು ನನಗೆ ಯಾಕೆ ಅಷ್ಟು ಚುಚ್ಚಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಮನೆಯ ಮುಂದಿನ ಪಡಸಾಲೆ ಮನುಷ್ಯರದಲ್ಲ, ಕಟ್ಟಿಗೆಯದು. ಬಾಗಿಲಿಗೆ ಬಂದವರು ಕರಿಜಾಲಿಯ ದಿಮ್ಮಿ ದಾಟಿಕೊಂಡೇ ಒಳಗೆ ಬರಬೇಕು. ಗೋಡೆಗೆ ಬಾಚಿ, ಉಳಿ, ಕೊಡತಿ, ಗರಗಸ ತೂಗು ಹಾಕಿದ್ದವು. ದೇವರ ಫೋಟೋ ಕೂಡ ಅವುಗಳ ನಡುವೆಯೇ. ಒಳಗೆ ಅಡಿಗೆಮನೆ, ಅದರ ಹಿಂದೆ ಮಲಗುವ ಕತ್ತಲೆ ಕೋಣೆ, ಅಷ್ಟೇ. ಅಪ್ಪ ಕೆತ್ತಿದ ಚೆಕ್ಕೆಗಳಿಂದ ಅವ್ವ ಒಲೆ ಹಚ್ಚುತ್ತಿದ್ದಳು. ಜಾಲಿಯ ಚೆಕ್ಕೆಯ ಬೆಂಕಿಗೆ ಒಂದು ಬೇರೆ ಘಮ ಇರುತ್ತದೆ, ರೊಟ್ಟಿಗೂ ಅದು ಹತ್ತುತ್ತದೆ. ಊಟದ ತಾಟಿನಲ್ಲಿ ಗರಗಸದ ಹುಡಿ ಸಿಗದ ದಿನವಿಲ್ಲ. ಅವ್ವ ಬೈಯುತ್ತಿದ್ದಳು, ಅಪ್ಪ ಅದನ್ನು ಬೆರಳಿನಿಂದ ತೆಗೆದು, "ಕಟ್ಟಿಗಿ ನಮ್ಮನ್ನ ತಿಂತೈತಿ, ನಾವು ಕಟ್ಟಿಗಿ ತಿನ್ನೂಣು," ಎಂದು ಉಣ್ಣುತ್ತಿದ್ದ. ಅವರಿಬ್ಬರ ಜಗಳ ಯಾವಾಗಲೂ ಒಂದೇ ವಿಷಯಕ್ಕೆ. ಪೇಟೆಗೆ ಹೋಗಿ ಕುರ್ಚಿ ಮೇಜು ಮಾಡು ಎಂದು ಅವ್ವ. ಊರಿನ ಗಾಡಿಗಳನ್ನು ಯಾರು ನೋಡಬೇಕು ಎಂದು ಅಪ್ಪ. ಜಗಳ ಮುಗಿಯುವ ಹೊತ್ತಿಗೆ ಯಾರೋ ಒಬ್ಬ ರೈತ ಮುರಿದ ನೊಗ ಹೊತ್ತು ಬಾಗಿಲಲ್ಲಿ ನಿಂತಿರುತ್ತಿದ್ದ, ಅವ್ವನೇ ಅವನಿಗೆ ನೀರು ಕೊಡುತ್ತಿದ್ದಳು.

ಗಾಲಿಗೆ ಕಬ್ಬಿಣದ ಹಳಿ ಏರಿಸುವ ದಿನ ನಮ್ಮ ಮನೆಗೆ ಹಬ್ಬ. ಓಣಿಯಲ್ಲಿ ಹಳಿಯನ್ನು ಮಲಗಿಸಿ ಸುತ್ತಲೂ ಸಗಣಿಯ ಕುಳ್ಳು ಜೋಡಿಸಿ ಬೆಂಕಿ ಹಚ್ಚುವರು. ಕಬ್ಬಿಣ ಕೆಂಪಾದ ಮೇಲೆ ನಾಲ್ಕು ಮಂದಿ ಇಕ್ಕಳ ಹಿಡಿದು ಓಡಿ ಬಂದು ಗಾಲಿಯ ಮೇಲೆ ಇಳಿಸಿ, ಸುತ್ತಿಗೆಯಿಂದ ಬಡಿಯುವರು. ಕಟ್ಟಿಗೆ ಹೊತ್ತಿಕೊಂಡು ಉರಿ ಏಳುತ್ತದೆ, ಆಗ ನೀರು ಹಾಕಬೇಕು. ನೀರು ಬಿದ್ದಂತೆ ಕಬ್ಬಿಣ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ. ಸಡಿಲಿದ್ದ ಕೀಲೆಲ್ಲ ಕಟಕಟ ಎಂದು ಕೂಡಿಕೊಳ್ಳುವ ಸಪ್ಪಳ ಬರುತ್ತದೆ. ಆ ಸಪ್ಪಳ ನಿಲ್ಲುವವರೆಗೆ ಯಾರೂ ಮಾತಾಡಬಾರದು, ಅದು ಅಪ್ಪನ ಕಟ್ಟಳೆ. ಯಾಕೆಂದರೆ ಅಪ್ಪ ಕಿವಿಯಿಂದಲೇ ಗಾಲಿ ನೋಡುತ್ತಿದ್ದ. ಎಲ್ಲಿ ಸಪ್ಪಳ ಹೆಚ್ಚೋ ಅಲ್ಲಿ ನೀರು ಬೇಕು, ಎಲ್ಲಿ ಕಡಿಮೆಯೋ ಅಲ್ಲಿ ತಡೆಯಬೇಕು. ದೊಡ್ಡವರು ಕೊಡದಿಂದ ಹಾಕುತ್ತಿದ್ದರು, ನನ್ನ ಕೈಯಲ್ಲಿ ತಂಬಿಗೆ. ಅಪ್ಪ ಕಣ್ಣು ಹಾಯಿಸಿದ ಕಡೆ ನಾನು ಓಡಿ ನೀರು ಬಿಡುತ್ತಿದ್ದೆ. ಹೊಗೆ, ಹಬೆ, ಬೆವರು, ಒಂದು ಮಾತಿಲ್ಲದ ಅಷ್ಟೊಂದು ಮಂದಿ. ಒಂದು ಸಲ ಅಪ್ಪ ನೋಡುವುದಕ್ಕೆ ಮೊದಲೇ ನಾನು ಸರಿಯಾದ ಜಾಗಕ್ಕೆ ನೀರು ಹಾಕಿದೆ. ಗಾಲಿ ಸುಮ್ಮನಾದ ಮೇಲೆ ಅಪ್ಪ ಎಲ್ಲರಿಗೂ ಕೇಳುವಂತೆ ಅಂದ.

"ನೀಲವ್ವನ ಕಿವಿ ಬಡಿಗೇರ ಕಿವಿ."

ಆ ದಿನ ನಾನು ಓಣಿಯ ತುಂಬ ನನ್ನ ಹೆಸರನ್ನು ಹೇಳಿಕೊಂಡು ತಿರುಗಿದೆ. ನೀಲವ್ವ ಬಡಿಗೇರ, ನೀಲವ್ವ ಬಡಿಗೇರ. ಆ ಸಂತೋಷ ಸುಗ್ಗಿಯವರೆಗೆ ಇತ್ತು. ಸುಗ್ಗಿಯಲ್ಲಿ ರೈತರು ಕಣದಲ್ಲಿ ರಾಶಿ ಮಾಡಿದಾಗ ಊರಿನ ಬಡಿಗ, ಕಮ್ಮಾರ, ಅಗಸರಿಗೆ ವರ್ಷದ ಕೆಲಸಕ್ಕೆ ಕಾಳು ಅಳೆದು ಕೊಡುತ್ತಿದ್ದರು, ಅದಕ್ಕೆ ಆಯ ಎನ್ನುತ್ತಾರೆ. ಅಪ್ಪನಿಗೆ ಜ್ವರ ಬಂದಿತ್ತು, ಚೀಲ ಹಿಡಿದು ನಾನು ಹೋದೆ. ಕಣದಲ್ಲಿ ಎಲ್ಲರ ಕೆಲಸ ಮುಗಿಯುವವರೆಗೆ ನಿಲ್ಲಿಸಿ, ರಾಶಿಯ ಅಡಿಗೆ ಉಳಿದ ಮಣ್ಣು ಕೂಡಿದ ಜೋಳವನ್ನು ಹಾಕಿದರು. ನನ್ನ ವರ್ಗದ ಶಾಂತಾ ಅಲ್ಲೇ ಗಾಡಿಯ ಮೇಲೆ ಕೂತು ಕಬ್ಬು ತಿನ್ನುತ್ತ ನೋಡುತ್ತಿದ್ದಳು. ಅವಳು ಕೂತ ಗಾಡಿ ಅಪ್ಪ ಮಾಡಿದ್ದು. ಮರುದಿನ ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆದರು.

"ಬಡಿಗೇರ ನೀಲವ್ವ."

"ಚೀಲ ತಂದಾಳೇನ್ ಕೇಳ್ರಿ ಸರ," ಎಂದಳು ಶಾಂತಾ.

ಹುಡುಗರೆಲ್ಲ ನಕ್ಕರು. ಅದು ದೊಡ್ಡ ಮಾತಲ್ಲ. ಮಾಸ್ತರರೂ ನಕ್ಕರು. ನಾನು ಪಾಟಿ ತೆಗೆದುಕೊಂಡು ಮನೆಗೆ ಬಂದೆ, ತಿರುಗಿ ಹೋಗಲಿಲ್ಲ. ಹೊಟ್ಟೆನೋವು ಎಂದೆ, ಎರಡು ದಿನ ಎಂದೆ, ಆಮೇಲೆ ಯಾರೂ ಕೇಳಲಿಲ್ಲ. ಹುಡುಗಿ ಮನೆಯಲ್ಲಿದ್ದರೆ ಅವ್ವನ ಕೆಲಸಕ್ಕೂ ನೆರವಾಗುತ್ತಿತ್ತು. ಆದರೆ ಮುಂದಿನ ಸಲ ಹಳಿ ಏರಿಸುವ ದಿನ ನಾನು ಒಳಗೇ ಕೂತಿದ್ದೆ. ಅಪ್ಪ ಎರಡು ಸಲ ಕೂಗಿದ. ನಾನು ಕಿವಿ ಮುಚ್ಚಿಕೊಂಡೆ. ಅಷ್ಟು ಸಣ್ಣ ನಗೆ ಇಷ್ಟು ದೂರ ಹೇಗೆ ಬಂತು?

ಮದುವೆಯಾದದ್ದೂ ಬಡಿಗೇರ ಮನೆಗೇ. ನಮ್ಮವರು, ಅಂದರೆ ನನ್ನ ಗಂಡ, ಹಗುರ ಕೈಯ ಕೆಲಸಗಾರರು, ಮಾತು ಕಡಿಮೆ. ಗಾಡಿಗಳು ಹೋಗಿ ಟ್ರ್ಯಾಕ್ಟರುಗಳು ಬಂದಾಗ ಅವರು ಒಮಾನಿಗೆ ಬಂದು ಮಸ್ಕತ್ತಿನ ಘಾಲಾದ ಒಂದು ಶೆಡ್ಡಿನಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುವ ಕೆಲಸಕ್ಕೆ ನಿಂತರು. ಇಲ್ಲಿನ ಮಂದಿ ಅವರನ್ನು ನಜ್ಜಾರ್ ಎಂದು ಕರೆಯುತ್ತಿದ್ದರಂತೆ, ಅರಬ್ಬಿಯಲ್ಲಿ ಬಡಿಗ ಎಂದರ್ಥ. ರಜೆಗೆ ಬಂದಾಗ ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಬಸವರಾಜನನ್ನು ಊರಿನ ಶಾಲೆಗೆ ಸೇರಿಸಿದಾಗ ಅವರು ಇಲ್ಲಿ ಒಮಾನಿನಲ್ಲಿದ್ದರು. ನಾನೇ ಕೈ ಹಿಡಿದು ಕರೆದುಕೊಂಡು ಹೋದೆ. ಹೆಡ್‌ಮಾಸ್ತರರು ಹೊಸಬರು, ಪೆನ್ನು ಎತ್ತಿ ಕೇಳಿದರು.

"ಅಡ್ಡಹೆಸರು ಏನವಾ?"

"ಹೊಸಕೇರಿ ಅಂತ ಬರ್ಕೋರಿ."

"ಅದು ಊರ ಹೆಸರಲ್ಲೇನು?"

"ಅದನ್ನ ಬರ್ಕೋರಿ."

ಎರಡು ವರ್ಷದ ಮೇಲೆ ರಜೆಗೆ ಬಂದ ನಮ್ಮವರು ಮಗನ ಅಂಕಪಟ್ಟಿ ನೋಡಿದರು. ಕೇಳಿದರು. ಶಾಂತಾ, ಮಾಸ್ತರರು, ಚೀಲ, ಎಲ್ಲ ಹೇಳಿ ನಾನು ಅತ್ತೆ. ಅವರು ಇಡೀ ದಿನ ಹಿತ್ತಲ ಬಾಗಿಲನ್ನು ಬಿಚ್ಚಿ ಕೆತ್ತುತ್ತ ಕೂತರು. ಅದಕ್ಕೆ ಕೆತ್ತುವ ಅಗತ್ಯವೇ ಇರಲಿಲ್ಲ. ಹತ್ತನೇ ಇಯತ್ತೆಯಲ್ಲಿ ಬಸವರಾಜ ಅವರನ್ನೇ ನೇರ ಕೇಳಿದ, ನಿನ್ನದು ಬಡಿಗೇರ, ನನ್ನದು ಯಾಕೆ ಅಲ್ಲ? ನಾನು ಅಲ್ಲೇ ಹಿಟ್ಟು ನಾದುತ್ತಿದ್ದೆ. ನಮ್ಮವರು ನನ್ನ ಕಡೆ ನೋಡಲೂ ಇಲ್ಲ.

"ನಾನ ಮಸ್ಕತ್ತಿಂದ ಕಾಗದ ಬರದು ಹೇಳಿದ್ದೆ," ಎಂದರು.

"ಬಡಿಗತನ ಮಾಡಾಕ ನಾಚಿಕಿ ಬಂತೇನು ನಿನಗ?"

"ಹಂಗ ಅನ್ಕೋ."

ನಾನು ಹಿಟ್ಟು ನಾದುತ್ತಲೇ ಇದ್ದೆ. ಅಂದಿನಿಂದ ಅಪ್ಪ ಮಗನ ನಡುವೆ ಒಂದು ಗೋಡೆ ಎದ್ದಿತು. ಇಂಜಿನಿಯರಿಂಗ್ ಪದವಿ ಕೊಡುವ ದಿನ ಬಸವರಾಜ ನನ್ನನ್ನು ಕರೆದುಕೊಂಡು ಹೋದ, ಊರಲ್ಲೇ ಇದ್ದ ಅಪ್ಪನನ್ನು ಕರೆಯಲಿಲ್ಲ. ತನ್ನ ಹೆಸರು ಹೇಳಲು ನಾಚುವವನು ಬಂದು ಏನು ಮಾಡುತ್ತಾನೆ ಎಂದ. ನಮ್ಮವರು ನನ್ನನ್ನು ಬಸ್ಸು ಹತ್ತಿಸಿ, ಮುಂದಿನ ಸಾಲಿನಲ್ಲಿ ಕೂಡು, ಚಂದಾಗಿ ನೋಡಿಕೊಂಡು ಬಾ ಎಂದರು. ನಾನು ಮುಂದಿನ ಸಾಲಿನಲ್ಲಿ ಕೂತೆ.

ಶನಿವಾರ ಬೆಳಿಗ್ಗೆ, ಅಂದರೆ ತೊಟ್ಟಿಲಿನ ಮರುದಿನ, ಬಸವರಾಜ ಊಟದ ಮೇಜಿನ ಮೇಲೆ ಕೂಸಿನ ಪಾಸ್‌ಪೋರ್ಟಿನ ಅರ್ಜಿ ಹರಡಿಕೊಂಡಿದ್ದ. ಭಾನುವಾರ ಅದನ್ನು ಏಜೆಂಟನಿಗೆ ಕೊಡಬೇಕಿತ್ತು. ಒಂದು ಸಲ ಪಾಸ್‌ಪೋರ್ಟಿನಲ್ಲಿ ಬಿದ್ದ ಹೆಸರು ಜೀವ ಇರುವವರೆಗೆ ಅಂತ ನನಗೆ ಗೊತ್ತಿತ್ತು. ಹಿಂದಿನ ದಿನ ಹೇಳದೆ ಬಿಟ್ಟ ಮಾತನ್ನು ಆಗ ಹೇಳದಿದ್ದರೆ ಸತ್ತವರ ಮೇಲಿನ ಸುಳ್ಳು ಕೂಸಿನ ಮೇಲೂ ಕೂರುತ್ತಿತ್ತು.

"ಮೌನೇಶ ಹೊಸಕೇರಿ," ಎಂದು ಅವನೇ ಓದಿಕೊಂಡ.

"ಬಸು, ನಿಲ್ಲು. ನಿಮ್ಮಪ್ಪಗ ನಾಚಿಕಿ ಇರಲಿಲ್ಲ. ಶಾಲ್ಯಾಗ ಹಂಗ ಬರಸಿದಾಕಿ ನಾನು."

"ಏನಂದಿ?"

"ನಾನ ಬರಸಿದೆ. ಮಂದಿ ನಗತಾರಂತ ಬರಸಿದೆ."

"ಅಪ್ಪ ಕಾಗದ ಬರದಿದ್ನಲ್ಲ."

"ಯಾವ ಕಾಗದೂ ಇಲ್ಲಪಾ. ನೀ ನನ್ನ ಬೈಯ್ತಿ ಅಂತ ತಮ್ಮ ಮ್ಯಾಲೆ ಹಾಕ್ಕೊಂಡ್ರು."

ಅವನು ಪೆನ್ನು ಮುಚ್ಚಿದ.

"ಪದವಿ ದಿನ ನಾ ಅವನ್ನ ಕರೀಲಿಲ್ಲ."

"ಗೊತ್ತೈತಿ."

"ಗೊತ್ತಿತ್ತು ನಿನಗ. ಗೊತ್ತಿದ್ದೂ ಬಂದು ಮುಂದ ಕುಂತಿ."

ಅವನು ಅರ್ಜಿ ಮಡಚಿ ಕಿಸೆಗೆ ಹಾಕಿಕೊಂಡು, ಚಿನ್ನಿಯನ್ನು ಕರೆದುಕೊಂಡು ಕಾರು ತೆಗೆದು ಹೋದ. ಮಧ್ಯಾಹ್ನ ಬಂದಾಗ ಚಿನ್ನಿ ನನ್ನ ಹತ್ತಿರ ಓಡಿ ಬಂದು, ಘಾಲಾಕ್ಕೆ ಹೋಗಿದ್ದೆವು ಎಂದಳು.

"ಅಲ್ಲಿ ಏನ್ ಮಾಡಿದ್ರಿ?"

"ನಥಿಂಗ್, ಅಜ್ಜಿ. ಒಂದು ಗೋಡೌನ್ ಮುಂದ ಕಾರ್ ನಿಲ್ಸಿದ್ರು. ಅಜ್ಜ ಇಲ್ಲಿ ವರ್ಕ್ ಮಾಡ್ತಿದ್ರು ಅಂದ್ರು. ಈಗ ಅಲ್ಲಿ ಎಸಿ ಇಡ್ತಾರ. ಅಪ್ಪ ಕೆಳಗ ಇಳೀಲೇ ಇಲ್ಲ."

ಅವತ್ತಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಕೋಪ ಮಾಡಿ ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. "ಚಿನ್ನಿ, ಅಜ್ಜಿ ಬಿಪಿ ಗುಳಿಗಿ ತಗೊಂಡ್ರೇನು ಕೇಳು," ಎಂದು ನನ್ನೆದುರೇ ಕೇಳುತ್ತಿದ್ದ. ಚಿನ್ನಿಗೆ ಅದು ಆಟ, ನನ್ನ ಉತ್ತರವನ್ನು ಇಂಗ್ಲಿಷಿಗೆ ತಿರುಗಿಸಿ ಅವನಿಗೆ ಮುಟ್ಟಿಸುತ್ತಿದ್ದಳು. ಕೂಸಿಗೆ ಎಣ್ಣೆ ಹಚ್ಚುವಾಗ ಸುಮಾ ಪಕ್ಕಕ್ಕೆ ಬಂದು ಕೂತಳು.

"ಅತ್ತಿ, ಇಷ್ಟು ವರ್ಷ ಆತು. ಸುಮ್ನ ಇದ್ದಿದ್ರ ಆಗ್ತಿರಲಿಲ್ಲೇನ್ರಿ?"

"ಸುಮ್ನ ಇದ್ದು ನೋಡೀನವಾ. ಆಗಂಗಿಲ್ಲ ಅದು."

ಅವಳು ನಗಬೇಕೋ ಅಳಬೇಕೋ ತಿಳಿಯದೆ ಕೂಸಿನ ಕಾಲು ನೀವಿದಳು. ಕೂಸು ಮಾತ್ರ ನನ್ನ ಹೆಬ್ಬೆರಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಅದರ ಹಿಡಿತ ಎಂಥದ್ದು ಅಂತೀರಿ. ಅಷ್ಟು ಸಂಕಟದಲ್ಲೂ ನನಗೆ ಸಂತೋಷ ತಡೆಯಲಾಗುತ್ತಿರಲಿಲ್ಲ. ಮಗ ಮಾತು ಬಿಟ್ಟಿದ್ದಾನೆ, ನಾನು ಮೊಮ್ಮಗನ ಮುಂದೆ ಹಾಡು ಹೇಳುತ್ತಿದ್ದೇನೆ. ನಾಚಿಕೆಯಾಗುತ್ತಿತ್ತು, ಆದರೂ ಹಾಡು ನಿಲ್ಲುತ್ತಿರಲಿಲ್ಲ.

ಭಾನುವಾರ ಅವನು ಅರ್ಜಿ ಕೊಟ್ಟು ಬಂದ. ಏನು ಬರೆದ ಎಂದು ಹೇಳಲಿಲ್ಲ, ಸುಮಾಳಿಗೂ ಹೇಳಲಿಲ್ಲ. ಸೋಮವಾರ ಸಂಜೆ ಕೆಲಸದಿಂದ ಬಂದವನು ಕೈಕಾಲು ತೊಳೆದು ಅಡಿಗೆಮನೆಯ ಬಾಗಿಲ ಹತ್ತಿರ ತಾಟು ಹಿಡಿದು ಕೆಳಗೇ ಕೂತ. ಇಲ್ಲಿಗೆ ಬಂದಾಗಿನಿಂದ ಅವನು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಹಾಕಿದೆ, ಎರಡು ರೊಟ್ಟಿ ಹಾಕಿದೆ. ಚಿನ್ನಿ ಟಿವಿ ನೋಡುತ್ತಿದ್ದಳು, ನಡುವೆ ಮಾತು ಮುಟ್ಟಿಸುವವರು ಯಾರೂ ಇರಲಿಲ್ಲ. ಹಂಚಿನ ಮೇಲೆ ಮೂರನೆಯ ರೊಟ್ಟಿ ಹಾಕಿ, ಅವನ ಕಡೆ ತಿರುಗದೆ ನಾನೇ ಕೇಳಿದೆ.

"ಏನಂತ ಬರದಿ?"

"ಅಪ್ಪನ ಹೆಸರು."

"ಅದು ಗೊತ್ತೈತಿ. ಕಿವ್ಯಾಗ ಹೇಳಿದಾಕಿ ನಾನ ಅಲ್ಲ?"

ಅವನು ರೊಟ್ಟಿ ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ, ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದಿದ್ದ.

"ಪೂರ್ತಿ ಬರದೀನಿ, ಅವ್ವಾ. ಮೌನೇಶ ಬಡಿಗೇರ."

"ನಿಂದ ಒಂದು, ಅವಂದ ಒಂದು. ನಡೀತೈತೇನು?"

"ನಡೀತೈತಂತ. ಏಜೆಂಟ್ನ ಕೇಳಿದೆ. ನಂದು ಬದಲಿ ಮಾಡಾಕ ಬಾಳ ಓಡಾಟ ಐತಿ. ಮಾಡೂಣು."

ನಾನು ಒಲೆಯ ಕಡೆಗೇ ಮುಖ ಮಾಡಿ ನಿಂತಿದ್ದೆ. ಹಂಚಿನಿಂದ ಹೊಗೆ ಬಂದಾಗ ನೋಡಿದರೆ ರೊಟ್ಟಿ ಒಂದು ಮಗ್ಗುಲು ಕರ್ರಗಾಗಿತ್ತು. ಅದನ್ನು ತೆಗೆದು ಆಚೆ ಇಡಲು ಹೋದೆ.

"ಅದನ್ನ ಹಾಕು," ಎಂದ.

"ಹೊತ್ತೈತೋ."

"ಹಾಕು ಅಂದ್ನಲ್ಲ," ಎಂದು ಅವನು ತಾಟು ಮುಂದೆ ಹಿಡಿದ.